ಸಾಕಾಯ್ತು ಅಂದವರು

ದಿನಸಿ ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಖಾಕಿ ಕಾಗದದ ಚೀಲ ಇರುತ್ತದಲ್ಲ, ಅದನ್ನು ಬಿಡಿಸಿ ನೆಲದ ಮೇಲೆ ಹಾಸುವುದು. ಅದರ ಮೇಲೆ ಕಾಲಿಟ್ಟು ನಿಲ್ಲುವುದು. ಪಾದದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಆಮೇಲೆ ಆ ಕಾಗದ ಹಿಡಿದುಕೊಂಡು ಅಂಗಡಿಗೆ ಹೋಗಿ, ಈ ಅಳತೆಗೆ ಒಂದು ಜೊತೆ ಶೂ ಕೊಡಿ ಅನ್ನುವುದು.

ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮ ರಾಜ್ಯ, ಅದರ ರಾಜಧಾನಿ ಮಾಂಟ್‌ಗೊಮರಿ. 1950ರ ಆಸುಪಾಸಿನಲ್ಲಿ ಅಲ್ಲಿನ ಕಪ್ಪು ಜನ ಶೂ ಕೊಳ್ಳುತ್ತಿದ್ದುದು ಹೀಗೆ. ಅಂಗಡಿಯಲ್ಲಿ ಕೂತು ಕಾಲಿಗೆ ಹಾಕಿ ನೋಡುವ ಹಾಗಿರಲಿಲ್ಲ. ಹ್ಯಾಟು, ಬಟ್ಟೆಯ ಕಥೆಯೂ ಅಷ್ಟೇ. ಅವರ ದುಡ್ಡು ಬೇಕಿತ್ತು, ಅವರ ಮೈ ತಾಗುವುದು ಬೇಡವಾಗಿತ್ತು.

ಇದನ್ನು ನೆನಪಿಸಿಕೊಂಡವರು ಕ್ಲಾಡೆಟ್ ಕಾಲ್ವಿನ್. ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಅವರೂ ಹಾಗೇ ಕಾಗದದ ಮೇಲೆ ಕಾಲಿಟ್ಟು ನಿಂತವರು. ಬಸ್ಸಿನ ಭೇದಭಾವ ಸಹಿಸದೆ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಬಗ್ಗೆ ನಾನು ಎಷ್ಟೋ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಈಗ ಆ ಹೋರಾಟ ಅಂದ ಕೂಡಲೇ ನನಗೆ ಮೊದಲು ಕಾಣುವುದು ಆ ಖಾಕಿ ಕಾಗದದ ಪಾದ.

ನಾನು ಚಿಕ್ಕವಳಿದ್ದಾಗ ಕೇಳಿದ ಕಥೆ ಬೇರೆ ಥರ ಇತ್ತು. ರೋಸಾ ಪಾರ್ಕ್ಸ್ ಅನ್ನುವ ಬಡ ದರ್ಜಿ ಹೆಂಗಸು. ದಿನವಿಡೀ ಹೊಲಿದು ಸುಸ್ತಾಗಿ ಬಸ್ಸಿನಲ್ಲಿ ಕೂತಿದ್ದಳು. ಬಿಳಿಯ ಗಂಡಸಿಗೆ ಸೀಟು ಬಿಡು ಅಂದರು. ಕಾಲು ನೋಯುತ್ತಿತ್ತು, ಏಳಲಿಲ್ಲ. ಅಲ್ಲಿಂದ ಎಲ್ಲ ಶುರುವಾಯಿತು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಪಾರ್ಕ್ಸ್ ಅವರೇ ಇದನ್ನು ಒಪ್ಪಿರಲಿಲ್ಲ. ನನ್ನ ಮೈ ದಣಿದಿರಲಿಲ್ಲ, ತಲೆಬಾಗಿ ತಲೆಬಾಗಿ ದಣಿದಿದ್ದೆ ಅಂತ ಆಮೇಲೆ ಹೇಳಿದರು. ನಮ್ಮ ಮಾತಿನಲ್ಲಿ ಇದಕ್ಕೆ ಸರಿಯಾದ ಪದ ಇದೆ. ದಿನವೆಲ್ಲ ಗೇಯ್ದು ಬಂದವರೂ 'ಸಾಕಾಯ್ತು' ಅನ್ನುತ್ತಾರೆ. ಇನ್ನು ಸಹಿಸಲ್ಲ ಅನ್ನುವವರೂ 'ಸಾಕಾಯ್ತು' ಅನ್ನುತ್ತಾರೆ. ಅವತ್ತು, 1955ರ ಡಿಸೆಂಬರ್ 1ರ ಗುರುವಾರ ಸಂಜೆ, ಪಾರ್ಕ್ಸ್ ಅಂದದ್ದು ಆ ಎರಡನೇ ಸಾಕಾಯ್ತು. ಅವರಿಗೆ ಆಗ 42 ವರ್ಷ. ಕಪ್ಪು ಜನರ ಹಕ್ಕುಗಳಿಗೆ ದುಡಿಯುವ ಎನ್‌ಎಎಸಿಪಿ ಸಂಘದಲ್ಲಿ 1943ರಿಂದ ಕೆಲಸ ಮಾಡುತ್ತಿದ್ದರು. ಅದೇ 1943ರಲ್ಲಿ ಅವರನ್ನು ಬಸ್ಸಿನಿಂದ ಇಳಿಸಿದ್ದ ಡ್ರೈವರೇ ಈ ಸಲವೂ ಸ್ಟೇರಿಂಗ್ ಹಿಡಿದಿದ್ದ. ಹನ್ನೆರಡು ವರ್ಷ ಆಗಿತ್ತು, ಅದೇ ಮನುಷ್ಯ, ಅದೇ ಮಾತು.

ಬಸ್ಸಿನ ನಿಯಮ ಗೊತ್ತಾಗದೆ ಇದು ಅರ್ಥವಾಗುವುದಿಲ್ಲ. 36 ಸೀಟು. ಮುಂದಿನ 10 ಬಿಳಿಯರಿಗೆ. ಖಾಲಿ ಇದ್ದರೂ ಕಪ್ಪು ಜನ ಅಲ್ಲಿ ಕೂರುವಂತಿಲ್ಲ. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಡ್ರೈವರ್ ಹೇಳಿದ ಹಾಗೆ. ನಡುವಿನ ಸಾಲಿನಲ್ಲಿ ಒಬ್ಬ ಬಿಳಿಯ ಕೂರಬೇಕಾದರೆ ಆ ಸಾಲಿನ ನಾಲ್ವರು ಕಪ್ಪು ಜನರೂ ಏಳಬೇಕು. ಇನ್ನೊಂದು ಪದ್ಧತಿ ಇತ್ತು. ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಬೇಕು, ಮತ್ತೆ ಕೆಳಗಿಳಿದು ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕು. ಎಷ್ಟೋ ಸಲ ಹಿಂದಿನ ಬಾಗಿಲು ತಲುಪುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿತ್ತು. ಕೊಟ್ಟ ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಇಷ್ಟಾಗಿ, ಆ ಬಸ್ಸುಗಳಲ್ಲಿ ಓಡಾಡುತ್ತಿದ್ದವರಲ್ಲಿ ಜಾಸ್ತಿ ಜನ ಕಪ್ಪು ಜನರೇ. ಬಿಳಿಯರ ಮನೆಗಳಿಗೆ ಅಡುಗೆಗೆ, ಪಾತ್ರೆ ಬಟ್ಟೆಗೆ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಹೋಗುತ್ತಿದ್ದ ಹೆಂಗಸರು.

ಕ್ಲಾಡೆಟ್ ಸಾಕಾಯ್ತು ಅಂದದ್ದು ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು. 1955ರ ಮಾರ್ಚ್ 2. ಅವಳಿಗೆ 15 ವರ್ಷ. ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಳು. ಚೆನ್ನಾಗಿ ಓದುವ ಹುಡುಗಿ, ಲಾಯರ್ ಆಗಬೇಕು ಅನ್ನುವ ಆಸೆ. ಬಿಳಿಯ ಹೆಂಗಸೊಬ್ಬಳು ನಿಂತಿದ್ದಾಳೆ, ಏಳಿ ಅಂದ ಡ್ರೈವರ್. ಆ ಸಾಲಿನ ಉಳಿದವರು ಎದ್ದರು. ಕ್ಲಾಡೆಟ್ ಏಳಲಿಲ್ಲ. ನಾನು ದುಡ್ಡು ಕೊಟ್ಟಿದ್ದೇನೆ, ಇದು ಸಂವಿಧಾನ ಕೊಟ್ಟ ಹಕ್ಕು ಅಂದಳು. ಆಗಷ್ಟೇ ಶಾಲೆಯಲ್ಲಿ ಕಪ್ಪು ಜನರ ಚರಿತ್ರೆಯ ಪಾಠ ನಡೆದಿತ್ತು. ಗುಲಾಮಗಿರಿಯಿಂದ ಜನರನ್ನು ಬಿಡಿಸಿಕೊಂಡು ಹೋದ ಹ್ಯಾರಿಯೆಟ್ ಟಬ್‌ಮನ್ ಒಂದು ಹೆಗಲ ಮೇಲೆ, ಗುಲಾಮಗಿರಿಯ ವಿರುದ್ಧ ದನಿಯೆತ್ತಿದ ಸೋಜರ್ನರ್ ಟ್ರೂತ್ ಇನ್ನೊಂದು ಹೆಗಲ ಮೇಲೆ ಕೈಯಿಟ್ಟು ನನ್ನನ್ನು ಕೂರಿಸಿದ ಹಾಗಿತ್ತು ಅಂತ ಎಷ್ಟೋ ವರ್ಷಗಳ ನಂತರ ಹೇಳಿದರು. ಇಬ್ಬರು ಪೊಲೀಸರು ಬಂದು ಎಳೆದುಕೊಂಡು ಹೋದರು. ಕೈಗೆ ಕೋಳ. ದೊಡ್ಡವರ ಜೈಲು. ಅವತ್ತು ರಾತ್ರಿಯಿಡೀ ಅವಳ ಸಾಕುತಂದೆ ಬಂದೂಕು ಹಿಡಿದು ಮನೆ ಕಾದರು.

ಹಾಗಾದರೆ ಬಹಿಷ್ಕಾರ ಆಗಲೇ ಯಾಕೆ ಶುರುವಾಗಲಿಲ್ಲ? ಊರಿನ ಮುಖಂಡರು ಯೋಚಿಸಿದರು. ಹುಡುಗಿ ಚಿಕ್ಕವಳು. ಬಡವರ ಕೇರಿಯವಳು. ಕೋಪ ಜಾಸ್ತಿ. ಅಷ್ಟರಲ್ಲಿ ನ್ಯಾಯಾಲಯವೂ ಒಂದು ಕೆಲಸ ಮಾಡಿತು. ಮೇಲ್ಮನವಿಯಲ್ಲಿ ಬಸ್ಸಿನ ಕಾನೂನು ಮುರಿದ ಆರೋಪ ಕೈಬಿಟ್ಟು, ಪೊಲೀಸರ ಮೇಲೆ ಕೈ ಮಾಡಿದಳು ಅನ್ನುವುದನ್ನು ಮಾತ್ರ ಉಳಿಸಿಕೊಂಡಿತು. ಬಸ್ಸಿನ ಕಾನೂನನ್ನೇ ಪ್ರಶ್ನಿಸುವ ದಾರಿ ಆ ಕೇಸಿನಲ್ಲಿ ಮುಚ್ಚಿಹೋಯಿತು. ಅದೇ ವರ್ಷ ಅವಳು ಬಸುರಿಯಾದಳು. ಆಮೇಲಂತೂ ಅವಳ ಹೆಸರು ಎತ್ತುವವರೇ ಕಡಿಮೆ.

ಮುಖಂಡರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಬಿಳಿಯರ ಪತ್ರಿಕೆಗಳು ಆ ಹುಡುಗಿಯನ್ನು ಹರಿದು ಮುಕ್ಕುತ್ತಿದ್ದವು. ಆದರೂ ಹೊಟ್ಟೆ ಉರಿಯುತ್ತದೆ. ಪಾರ್ಕ್ಸ್‌ಗಿಂತ ಮೊದಲೇ ಎದೆ ಕೊಟ್ಟವಳನ್ನು ಹಿಂದಿನ ಸಾಲಿಗೆ ಕಳಿಸಿದ್ದು ಅವಳ ಸ್ವಂತ ಜನ. ಅವಳನ್ನು ಬಿಟ್ಟುಕೊಡದೆ ಮನೆಗೆ ಕರೆದುಕೊಂಡವರಲ್ಲಿ ರೋಸಾ ಪಾರ್ಕ್ಸ್ ಒಬ್ಬರು. ಎನ್‌ಎಎಸಿಪಿಯ ಹುಡುಗ ಹುಡುಗಿಯರ ಕೂಟವನ್ನು ಅವರೇ ನಡೆಸುತ್ತಿದ್ದರು. ಕ್ಲಾಡೆಟ್ ಕೆಲವು ರಾತ್ರಿ ಅವರ ಮನೆಯಲ್ಲೇ ಉಳಿಯುತ್ತಿದ್ದಳು. ನನಗೆ ಕಾಫಿ ಹೇಗೆ ಬೇಕು ಅನ್ನುವುದು ರೋಸಾ ಅವರಿಗೆ ಗೊತ್ತಿತ್ತು ಅಂತ ಕ್ಲಾಡೆಟ್ ನೆನಪಿಟ್ಟುಕೊಂಡಿದ್ದರು. ಬಿಸ್ಕತ್ತಿನ ಮೇಲೆ ಕಡಲೆಕಾಯಿ ಬೆಣ್ಣೆ ಸವರಿ ಕೊಡುತ್ತಿದ್ದರಂತೆ. ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿದ ಆ ಅಡುಗೆಮನೆಯ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಡಿಸೆಂಬರಿನ ಆ ಸಂಜೆ ಪಾರ್ಕ್ಸ್ ಏಳದೆ ಕೂತಾಗ ಆ ಹುಡುಗಿ ಅವರ ಮನಸ್ಸಿನಲ್ಲಿ ಇದ್ದಿರಲೇಬೇಕು ಅಂತ ನನಗನ್ನಿಸುತ್ತದೆ.

ಪಾರ್ಕ್ಸ್ ಬಂಧನವಾದ ರಾತ್ರಿ ಇನ್ನೊಬ್ಬ ಹೆಂಗಸು ನಿದ್ದೆ ಮಾಡಲಿಲ್ಲ. ಜೋ ಆ್ಯನ್ ರಾಬಿನ್ಸನ್. ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರ ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟಾಗ, ಹೆಚ್ಚುಕಡಿಮೆ ಖಾಲಿ ಬಸ್ಸಿನಲ್ಲಿ ಗೊತ್ತಿಲ್ಲದೆ ಮುಂದೆ ಕೂತಿದ್ದರು. ಡ್ರೈವರ್ ಹೊಡೆಯುವ ಹಾಗೆ ಕೈಯೆತ್ತಿ ಕೂಗಿದ. ಅಳುತ್ತಾ ಇಳಿದು ಓಡಿದರು. ಆ ಅಳು ಆರು ವರ್ಷ ಅವರ ಒಳಗೇ ಇತ್ತು. ಮಹಿಳಾ ರಾಜಕೀಯ ಮಂಡಳಿ ಅಂತ ಊರಲ್ಲಿ ಒಂದು ಸಂಘವಿತ್ತು. ಅದರ ಅಧ್ಯಕ್ಷೆಯಾದರು. 1954ರ ಮೇ ತಿಂಗಳಲ್ಲಿ ಮೇಯರಿಗೆ ಪತ್ರ ಬರೆದು, ಹೀಗೇ ಆದರೆ ಜನ ಬಸ್ಸು ಹತ್ತುವುದನ್ನೇ ಬಿಡುತ್ತಾರೆ ಅಂತ ಎಚ್ಚರಿಸಿದ್ದರು.

ಡಿಸೆಂಬರ್ 1ರ ನಡುರಾತ್ರಿ ಅವರು ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿಗೆ ಹೋದರು. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಕರಪತ್ರ ಹೊಡೆದರು. ಒಂದು ಹಾಳೆಗೆ ಮೂರು ಪತ್ರ ಬರುವ ಹಾಗೆ ಜೋಡಿಸಿ, ಹತ್ತಾರು ಸಾವಿರ. ಆ ಯಂತ್ರ ತಿರುಗಿಸಿದವರಿಗೆ ಗೊತ್ತು, ಕೈಗೆಲ್ಲ ಮಸಿ, ಕೋಣೆ ತುಂಬ ಅದೇ ವಾಸನೆ. ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಮುಗಿಯಿತು. ಎಂಟಕ್ಕೆ ಅವರಿಗೆ ಕ್ಲಾಸಿತ್ತು, ಹೋಗಿ ಪಾಠ ಮಾಡಿದರು. ಆಮೇಲೆ ಅದೇ ವಿದ್ಯಾರ್ಥಿಗಳ ಜೊತೆ ಕಾರಿನಲ್ಲಿ ಶಾಲೆ ಶಾಲೆಗೆ ಹೋಗಿ ಕಟ್ಟು ಕಟ್ಟು ಹಂಚಿದರು. ಮಕ್ಕಳು ಅದನ್ನು ಮನೆಗೆ ಒಯ್ದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಅಂತ ಅದರಲ್ಲಿತ್ತು. ಕ್ಲಾಡೆಟ್ ಕಾಲ್ವಿನ್ ಹೆಸರೂ ಇತ್ತು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಅದೇ ದಿನ ಪಾರ್ಕ್ಸ್ ಅವರಿಗೆ 10 ಡಾಲರ್ ದಂಡ, ಕೋರ್ಟಿನ ಖರ್ಚು 4 ಡಾಲರ್. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಾವಿರಾರು ಜನ. ಊರಿಗೆ ಹೊಸಬರಾಗಿದ್ದ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದರು. ಒಂದು ದಿನಕ್ಕೆಂದು ಶುರುವಾದದ್ದು 381 ದಿನ ನಡೆಯಿತು. ಕಿಂಗ್ ಅವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಇಲ್ಲಿಂದ ಒಂದು ಅಡುಗೆಮನೆಗೆ ಹೋಗಬೇಕು.

ಜಾರ್ಜಿಯಾ ಗಿಲ್ಮೋರ್ ಪೇಟೆಯ ಒಂದು ಊಟದ ಹೋಟೆಲಿನಲ್ಲಿ ಅಡುಗೆಯವರು. ಸೂಲಗಿತ್ತಿಯೂ ಹೌದು. ಆರು ಮಕ್ಕಳು. ಬಹಿಷ್ಕಾರಕ್ಕೂ ಎರಡು ತಿಂಗಳು ಮೊದಲು, ಅಕ್ಟೋಬರಿನಲ್ಲಿ, ಅವರು ಬಸ್ಸು ಹತ್ತಿ ದುಡ್ಡು ಹಾಕಿದರು. ಇಳಿದು ಹಿಂದಿನಿಂದ ಬಾ ಅಂದ ಡ್ರೈವರ್. ಇಳಿದರು. ಬಸ್ಸು ಹೊರಟುಹೋಯಿತು. ಇನ್ನು ಈ ಬಸ್ಸು ಹತ್ತುವುದಿಲ್ಲ ಅಂತ ರಸ್ತೆಯ ಬದಿಯಲ್ಲೇ ತೀರ್ಮಾನ ಮಾಡಿದರು. ಯಾರೂ ಕರೆ ಕೊಟ್ಟಿರಲಿಲ್ಲ. ಒಬ್ಬರೇ ಬಹಿಷ್ಕಾರ ಶುರುಮಾಡಿದ್ದರು.

ಚಳವಳಿಗೆ ದುಡ್ಡು ಬೇಕು. ಬಸ್ಸಿನ ಬದಲು ಜನರನ್ನು ಕೆಲಸಕ್ಕೆ ಮುಟ್ಟಿಸಲು ಸುಮಾರು 300 ಕಾರುಗಳು ಓಡಬೇಕಿತ್ತು. ಪೆಟ್ರೋಲು, ಟೈರು, ರಿಪೇರಿ, ಇನ್ಶೂರೆನ್ಸ್. ಜಾರ್ಜಿಯಾ ಮತ್ತು ಗೆಳತಿಯರು ತಮ್ಮತಮ್ಮಲ್ಲೇ 14 ಡಾಲರ್ ಒಟ್ಟುಮಾಡಿದರು. ಕೋಳಿ ತಂದರು, ಬ್ರೆಡ್ಡು ತಂದರು, ಲೆಟ್ಯೂಸ್ ಸೊಪ್ಪು ತಂದರು. ಕೋಳಿ ಕರಿದು ಸ್ಯಾಂಡ್‌ವಿಚ್ ಮಾಡಿ ಸಭೆಗೆ ಬಂದವರಿಗೆ ಮಾರಿದರು. ಬಂದ ದುಡ್ಡನ್ನು ಚಳವಳಿಗೆ ಕೊಟ್ಟರು. ಆಮೇಲೆ ಪೂರ್ತಿ ಊಟ, ಕೇಕು, ಸಿಹಿಗೆಣಸಿನ ಪೈ. ಮನೆ ಮನೆಗೆ, ಕ್ಷೌರದಂಗಡಿಗೆ, ಬ್ಯೂಟಿ ಪಾರ್ಲರಿಗೆ, ಟ್ಯಾಕ್ಸಿ ನಿಲ್ಲುವ ಕಡೆಗೆ ಹೊತ್ತು ಮಾರಿದರು. ವಾರಕ್ಕೆ ನೂರು ಡಾಲರಿಗೂ ಜಾಸ್ತಿ ಆಗುತ್ತಿತ್ತು.

ನನ್ನಮ್ಮ ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದರು. ಇನ್ನೂರು ಎಲೆಗೆ ಎಷ್ಟು ಸೇರು ಅಕ್ಕಿ, ಎಷ್ಟು ತೆಂಗಿನಕಾಯಿ ಅಂತ ಕೇಳಿದರೆ ಕೆಲಸ ನಿಲ್ಲಿಸದೆ ಹೇಳುತ್ತಿದ್ದರು. ಮನೆಗೆ ಬಂದರೆ ಕೂದಲಲ್ಲಿ ಒಗ್ಗರಣೆ ವಾಸನೆ. ಆ 14 ಡಾಲರಿನ ಲೆಕ್ಕ ಓದುವಾಗ ನನಗೆ ಅಮ್ಮನ ಕೈ ಕಣ್ಣಿಗೆ ಬಂತು. ಇಷ್ಟರಲ್ಲಿ ಎಷ್ಟು ಕೋಳಿ, ಒಂದು ಕೋಳಿಗೆ ಎಷ್ಟು ತುಂಡು, ಎಷ್ಟಕ್ಕೆ ಮಾರಿದರೆ ಎಷ್ಟು ಉಳಿಯುತ್ತದೆ. ಇದನ್ನೆಲ್ಲ ನಿಂತಲ್ಲೇ ಹೇಳುವುದು ಒಲೆ ಮುಂದೆ ಬದುಕು ಕಳೆದವರಿಗೆ ಮಾತ್ರ ಸಾಧ್ಯ.

ಆ ಗುಂಪಿನ ಹೆಸರು 'ಕ್ಲಬ್ ಫ್ರಮ್ ನೋವೇರ್'. ಎಲ್ಲಿಯದೂ ಅಲ್ಲದ ಕ್ಲಬ್ಬು. ಬಿಳಿಯರ ಮನೆಯಲ್ಲಿ ಅಡುಗೆ ಮಾಡುವ ಹೆಂಗಸು ದುಡ್ಡು ಕೊಟ್ಟಿದ್ದಾಳೆ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ. ಗುಟ್ಟಾಗಿ ಕೊಡುವ ಬಿಳಿಯರೂ ಇದ್ದರು, ಅವರಿಗೂ ಭಯ. ಯಾರಾದರೂ ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ ಅನ್ನಬಹುದು, ಸುಳ್ಳೂ ಆಗುವುದಿಲ್ಲ. ಯಾರು ಎಷ್ಟು ಕೊಟ್ಟರು ಅನ್ನುವುದು ಜಾರ್ಜಿಯಾ ಒಬ್ಬರಿಗೇ ಗೊತ್ತು. ಸಭೆಯಲ್ಲಿ ಅವರು ಎದ್ದು ಈ ವಾರ ಇಷ್ಟು ಅಂತ ಹೇಳುವಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಊರಿನ ಇನ್ನೊಂದು ತುದಿಯಲ್ಲಿ ಇನೆಜ್ ರಿಕ್ಸ್ ಅನ್ನುವವರು 'ಫ್ರೆಂಡ್ಲಿ ಕ್ಲಬ್' ಶುರುಮಾಡಿದರು. ಯಾರು ಜಾಸ್ತಿ ತಂದರು ಅಂತ ಎರಡು ಗುಂಪಿನ ಮಧ್ಯೆ ಪೈಪೋಟಿ.

1956ರ ಮಾರ್ಚಿನಲ್ಲಿ ಕಿಂಗ್ ಅವರ ಮೇಲೆ ಬಹಿಷ್ಕಾರ ನಡೆಸಿದ ಕೇಸು ನಡೆಯಿತು. ಜಾರ್ಜಿಯಾ ಸಾಕ್ಷಿ ಹೇಳಿದರು. ಅಕ್ಟೋಬರಿನ ಆ ದಿನ ಏನಾಯಿತು ಅಂತ ಒಂದೂ ಬಿಡದೆ ಹೇಳಿದರು. ಕೆಲಸ ಹೋಯಿತು. ಆರು ಮಕ್ಕಳ ತಾಯಿ. ಮನೆಯಿಂದಲೇ ಅಡುಗೆ ಮಾಡಿ ಮಾರಿ ಅಂತ ಕಿಂಗ್ ಧೈರ್ಯ ಹೇಳಿದರು, ಸಾಮಾನು ಕೊಳ್ಳಲು ದುಡ್ಡನ್ನೂ ಕೊಟ್ಟರು. ಆ ಪುಟ್ಟ ಮನೆಯ ಮೇಜಿನ ಮೇಲೆ ಜಾಗ ಸಾಲದೆ ಜನ ನಿಂತುಕೊಂಡೇ ತಿನ್ನುತ್ತಿದ್ದರು. ಕಪ್ಪು ಜನ ಬಿಳಿಯರು ಒಟ್ಟಿಗೆ ಕೂತು ಉಣ್ಣಲು ಜಾಗವಿಲ್ಲದ ಊರಿನಲ್ಲಿ ಅವರು ಆ ಮನೆಯಲ್ಲಿ ಒಟ್ಟಿಗೆ ಉಂಡರು.

ಇಷ್ಟರ ನಡುವೆ ಜನ ನಡೆದರು. ಮಳೆಯಲ್ಲಿ, ಚಳಿಯಲ್ಲಿ, ಮತ್ತೆ ಬೇಸಿಗೆಯಲ್ಲಿ. ಎಲ್ಲರಿಗೂ ಕಾರು ಸಿಗುತ್ತಿರಲಿಲ್ಲ. ಪೊಲ್ಲಾರ್ಡ್ ಅಮ್ಮ ಅಂತ ಎಲ್ಲರೂ ಕರೆಯುತ್ತಿದ್ದ ಮುದುಕಿಯೊಬ್ಬರನ್ನು, ಕಾಲು ನೋಯುವುದಿಲ್ಲವಾ, ಬಸ್ಸಿನಲ್ಲಿ ಹೋಗಬಾರದಾ ಅಂತ ಕೇಳಿದ್ದಕ್ಕೆ, ಕಾಲು ದಣಿದಿವೆ, ಜೀವಕ್ಕೆ ಮಾತ್ರ ನೆಮ್ಮದಿಯಾಗಿದೆ ಅಂದರು.

ಬಿಳಿಯರಲ್ಲೂ ಒಬ್ಬರ ಬಗ್ಗೆ ಹೇಳಲೇಬೇಕು. ಜೂಲಿಯೆಟ್ ಮಾರ್ಗನ್. ಊರಿನ ಲೈಬ್ರರಿಯಲ್ಲಿ ಕೆಲಸ. ಆತಂಕದ ಕಾಯಿಲೆ ಇದ್ದುದರಿಂದ ಕಾರು ಓಡಿಸುತ್ತಿರಲಿಲ್ಲ, ಬಸ್ಸಿನಲ್ಲೇ ಓಡಾಟ. ಹಾಗಾಗಿ ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ದುಡ್ಡು ತೆಗೆದುಕೊಂಡು ಕಪ್ಪು ಹೆಂಗಸನ್ನು ಬಿಟ್ಟು ಹೊರಟರೆ, ಇವರು ಒಳಗಿನಿಂದ ಹಗ್ಗ ಜಗ್ಗಿ ಬಸ್ಸು ನಿಲ್ಲಿಸುತ್ತಿದ್ದರು. ಬಹಿಷ್ಕಾರ ಶುರುವಾಗಿ ಒಂದು ವಾರಕ್ಕೆ, ಡಿಸೆಂಬರ್ 12ರಂದು, ಊರಿನ ಪತ್ರಿಕೆಯಲ್ಲಿ ಅವರ ಪತ್ರ ಬಂತು. ಈ ನಡೆಯುವ ಜನರನ್ನು ಅವರು ಗಾಂಧಿ ಮತ್ತು ಉಪ್ಪಿನ ಯಾತ್ರೆಗೆ ಹೋಲಿಸಿದ್ದರು. ಅಲಬಾಮದ ಒಬ್ಬ ಲೈಬ್ರರಿಯನ್‌ಗೆ ದಂಡಿ ನೆನಪಾಗಿತ್ತು! 1930ರಲ್ಲಿ ಅದೇ ಉಪ್ಪಿಗಾಗಿ ನಮ್ಮ ಅಂಕೋಲೆಯ ಜನ ಕಡಲ ದಂಡೆಗೆ ಇಳಿದಿದ್ದರಲ್ಲ. ಅವರ ನಡಿಗೆ ಎಲ್ಲೆಲ್ಲಿ ಹೋಗಿ ಮುಟ್ಟಿದೆ ನೋಡಿ.

ಆ ಪತ್ರಕ್ಕೆ ಜೂಲಿಯೆಟ್ ತೆತ್ತ ಬೆಲೆ ದೊಡ್ಡದು. ಬೆದರಿಕೆ ಕರೆಗಳು, ಮನೆಗೆ ಕಲ್ಲು. ಓದುಗರು ಲೈಬ್ರರಿ ಕಾರ್ಡು ವಾಪಸ್ ಕೊಟ್ಟರು. ಗೆಳತಿಯರು ದೂರವಾದರು. 1957ರ ಜುಲೈನಲ್ಲಿ ಅವರನ್ನು ಬೆದರಿಸಲು ಮನೆ ಮುಂದೆ ಶಿಲುಬೆ ಸುಟ್ಟರು. ಕೆಲಸಕ್ಕೆ ರಾಜೀನಾಮೆ ಕೊಟ್ಟರು, ಅದಾದ ಕೂಡಲೇ ತಮ್ಮ ಜೀವವನ್ನೇ ಕಳೆದುಕೊಂಡರು. 43 ವರ್ಷ. ಅವರ ಜೊತೆ ನಿಲ್ಲಲು ಆ ಊರಿನಲ್ಲಿ ಬಿಳಿಯರು ನಾಲ್ಕು ಜನ ಇದ್ದಿದ್ದರೂ ಸಾಕಿತ್ತು ಅನ್ನಿಸುತ್ತದೆ. ಆ ಲೈಬ್ರರಿಗೆ ಈಗ ಅವರದೇ ಹೆಸರಿದೆ. ಇಟ್ಟಿದ್ದು 2005ರಲ್ಲಿ.

ಕೊನೆಗೆ ಬಸ್ಸಿನ ಕಾನೂನು ಬಿದ್ದದ್ದು ನ್ಯಾಯಾಲಯದಲ್ಲಿ. ಪಾರ್ಕ್ಸ್ ಕೇಸು ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಯುವ ವಕೀಲ ಫ್ರೆಡ್ ಗ್ರೇಗೆ ಅನ್ನಿಸಿತು. 1956ರ ಫೆಬ್ರವರಿ 1ರಂದು ಫೆಡರಲ್ ಕೋರ್ಟಿನಲ್ಲಿ ಹೊಸ ಕೇಸು ಹಾಕಿದರು. ಅದರಲ್ಲಿ ದೂರುದಾರರಾಗಿ ಹೆಸರು ಕೊಡುವುದಕ್ಕೆ ಧೈರ್ಯ ಬೇಕಿತ್ತು. ಹೆಸರು ಕೊಟ್ಟ ಒಬ್ಬರು ಒತ್ತಡ ತಡೆಯಲಾರದೆ ಹಿಂದೆ ಸರಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಉಳಿದವರು ನಾಲ್ವರು. ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್. ನಾಲ್ಕನೆಯವಳು ಕ್ಲಾಡೆಟ್.

ಮೇ 11ರಂದು ಅವಳು ಸಾಕ್ಷಿ ಹೇಳಲು ಬಂದಳು. ಬಾಣಂತನ ಮುಗಿದಿತ್ತೋ ಇಲ್ಲವೋ. ಬಸುರಿಯಾದಳೆಂದು ಶಾಲೆಯವರು ಹೊರಗೆ ಹಾಕಿದ್ದರು. ವಯಸ್ಸು 16. ನಿಮ್ಮ ನಾಯಕ ಯಾರು ಅಂತ ನಗರಸಭೆಯ ವಕೀಲ ಕೆದಕಿ ಕೆದಕಿ ಕೇಳಿದ. ಕಿಂಗ್ ಹೆಸರು ಬರಲಿ ಅನ್ನುವುದು ಅವನ ಉಪಾಯ. ನಮಗೆ ನಾವೇ ನಾಯಕರು ಅಂದಳು. ಬಸ್ಸು ಯಾಕೆ ಬಿಟ್ಟಿರಿ ಅಂದಿದ್ದಕ್ಕೆ, ನಮ್ಮನ್ನು ಕೆಟ್ಟದಾಗಿ, ಹೊಲಸಾಗಿ ನಡೆಸಿಕೊಂಡರು ಅದಕ್ಕೆ ಅಂದಳು. ಯಾರನ್ನು ಮುಂದೆ ನಿಲ್ಲಿಸುವುದು ಬೇಡ ಅಂದಿದ್ದರೋ ಅವಳ ಮಾತು ಅವತ್ತು ಆ ಕೋಣೆಯಲ್ಲಿ ನಿಂತಿತು.

ಜೂನ್ 5ರಂದು ತೀರ್ಪು ಬಂತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಂದು ಕಪ್ಪು ಜನ ಮತ್ತೆ ಬಸ್ಸು ಹತ್ತಿದರು, ತಮಗೆ ಬೇಕಾದ ಕಡೆ ಕೂತರು. ಒಂದು ವಾರ ಆಗುವಷ್ಟರಲ್ಲಿ ಬಸ್ಸಿನ ಮೇಲೆ ಗುಂಡು ಹಾರಿಸಿದರು. ಬಸುರಿ ಹೆಂಗಸೊಬ್ಬಳ ಕಾಲಿಗೆ ಗುಂಡು ಬಿತ್ತು. ಜನವರಿಯಲ್ಲಿ ಚರ್ಚುಗಳ ಮೇಲೆ ಬಾಂಬು.

ಗೆದ್ದವರಿಗೆ ಸಿಕ್ಕಿದ್ದೇನು? ಪಾರ್ಕ್ಸ್ ದಂಪತಿಗೆ ಕೆಲಸ ಸಿಗದೆ 1957ರಲ್ಲಿ ಡೆಟ್ರಾಯಿಟ್‌ಗೆ ಹೋದರು. ರಾಬಿನ್ಸನ್ ಅವರ ಕಾರಿನ ಮೇಲೆ ಆ್ಯಸಿಡ್ ಸುರಿದಿದ್ದರು. 1960ರಲ್ಲಿ ಅವರೂ ಕಾಲೇಜು ಬಿಟ್ಟು ಹೊರಟರು. ಕ್ಲಾಡೆಟ್ 1958ರಲ್ಲಿ ನ್ಯೂಯಾರ್ಕಿಗೆ ಹೋಗಿ, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಹಾಯಕಿಯಾಗಿ 35 ವರ್ಷ ದುಡಿದರು. ಲಾಯರ್ ಆಗಲಿಲ್ಲ. ಪೊಲೀಸರ ಮೇಲೆ ಕೈ ಮಾಡಿದ ಅಪರಾಧಿ ಅನ್ನುವ ದಾಖಲೆ ಹಾಗೇ ಉಳಿದಿತ್ತು. 2021ರಲ್ಲಿ, 82ನೇ ವಯಸ್ಸಿನಲ್ಲಿ, ಅದನ್ನು ಅಳಿಸಿ ಅಂತ ಅವರೇ ಅರ್ಜಿ ಹಾಕಿದರು. ಅಳಿಸಿದರು. 15 ವರ್ಷದ ಹುಡುಗಿಯ ಮೇಲಿನ ಕಳಂಕ ಹೋಗಲು 66 ವರ್ಷ ಬೇಕಾಯಿತು.

ಜಾರ್ಜಿಯಾ ಮಾತ್ರ ಊರು ಬಿಡಲಿಲ್ಲ. ಬಿಳಿಯರ ಪಾರ್ಕಿನ ಮೂಲಕ ಹಾದುಹೋದ ಅಂತ ಅವರ ಮಗನನ್ನು ಪೊಲೀಸರು ಹೊಡೆದರು. 1958ರಲ್ಲಿ ನಗರಸಭೆಯ ಮೇಲೆ ಕೇಸು ಹಾಕಿ ಗೆದ್ದರು. ಕಪ್ಪು ಮಕ್ಕಳನ್ನು ಒಳಗೆ ಬಿಡುವ ಬದಲು ನಗರಸಭೆ ಪಾರ್ಕುಗಳನ್ನೇ ಮುಚ್ಚಿತು, ವರ್ಷಗಟ್ಟಲೆ. ಜಾರ್ಜಿಯಾ ಅಡುಗೆ ಮಾಡುತ್ತಲೇ ಇದ್ದರು.

1990ರ ಮಾರ್ಚ್. ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಮಾಂಟ್‌ಗೊಮರಿಗೆ ನಡೆದ ಜಾಥಾಕ್ಕೆ 25 ವರ್ಷ ತುಂಬಿತ್ತು. ನೆನಪಿಗೆ ಮತ್ತೆ ನಡೆದು ಬರುವವರಿಗೆ ಊಟಕ್ಕೆಂದು 70 ವರ್ಷದ ಜಾರ್ಜಿಯಾ ಕೋಳಿ ಕರಿದರು, ಚೀಸು ಹಾಕಿ ಮ್ಯಾಕರೋನಿ ಮಾಡಿದರು. ಅಡುಗೆ ಮಾಡುತ್ತಲೇ ಹುಷಾರು ತಪ್ಪಿತು. ತೀರಿಕೊಂಡರು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಊಟ ತರುತ್ತಾರೆ. ಅವತ್ತು ಯಾರೂ ತರಬೇಕಾಗಿರಲಿಲ್ಲ. ದುಃಖಕ್ಕೆ ಬಂದವರಿಗೆಲ್ಲ ಮನೆಯವರು ಜಾರ್ಜಿಯಾ ಅವರೇ ಮಾಡಿಟ್ಟಿದ್ದ ಅಡುಗೆ ಬಡಿಸಿದರು.